ಬರೆದುಕೊಂಡು ಹೋದವರು

ಸಂಕ್ರಾಂತಿ ಕಳೆದು ಹತ್ತು ಹನ್ನೆರಡು ದಿನಗಳಾಗುವ ಹೊತ್ತಿಗೆ ಪ್ರತಿವರ್ಷವೂ ನಮ್ಮ ಕಾಲೇಜಿನ ಮುಂದೆ ಒಂದು ಬಸ್ಸು ಬಂದು ನಿಲ್ಲುತ್ತದೆ. ಹಳ್ಳಿಯನ್ನು ನೋಡಿಬರಲು ಹೊರಡುವ ಬಸ್ಸು ಅದು. ಬಸವನಗುಡಿಯ ಆ ಬೀದಿಯಲ್ಲಿ ಬೆಳಗಿನ ತಿರುಗಾಟಕ್ಕೆ ಬಂದ ಹಿರಿಯರು ಒಂದು ಗಳಿಗೆ ನಿಂತು ನೋಡುತ್ತಾರೆ. ಏಳು ದಿನಕ್ಕೆಂದು ನಮ್ಮ ಹುಡುಗ ಹುಡುಗಿಯರು ಹೊತ್ತು ತಂದ ಗಂಟುಮೂಟೆಗಳನ್ನು ಕಂಡರೆ, ಇವರು ಹೊರಟಿರುವುದು ಮಾಗಡಿಯ ಕಡೆಗಲ್ಲ, ಮಾನಸ ಸರೋವರಕ್ಕೆ ಎಂದು ಯಾರಾದರೂ ತಿಳಿದಾರು. ನೀರಿನ ಬಾಟಲಿಗಳು, ಸೊಳ್ಳೆಗೆ ಹಚ್ಚುವ ಮುಲಾಮು, ತಾಯಂದಿರು ಡಬ್ಬಗಳಲ್ಲಿ ತುಂಬಿಕೊಟ್ಟ ಚಕ್ಕುಲಿ ಕೋಡುಬಳೆ. ಒಬ್ಬ ತಾಯಿ ನನ್ನನ್ನು ಬದಿಗೆ ಕರೆದು, "ಸಾರ್, ಅಲ್ಲಿ ರಾತ್ರಿ ತುಂಬಾ ಕತ್ತಲಂತೆ, ನಮ್ಮ ಹುಡುಗ ಕತ್ತಲು ಕಂಡವನಲ್ಲ" ಎಂದು ಕಳವಳದಿಂದ ಹೇಳಿದರು. ನನಗೆ ನಗು ಬಂತು. ಆಮೇಲೆ ಯೋಚಿಸಿದಾಗ, ಆಕೆ ಹೇಳಿದ ಮಾತು ಅಕ್ಷರಶಃ ನಿಜವೆಂದು ಹೊಳೆಯಿತು.

ನಾನು ಕನ್ನಡದ ಮೇಷ್ಟ್ರು. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದ ಹೊಣೆ ನನ್ನ ತಲೆಗೆ ಬಂದು ಕೆಲವು ವರ್ಷಗಳಾದವು. ಜಾನಪದವನ್ನು ಪಾಠ ಮಾಡುವವನಿಗೆ ಹಳ್ಳಿಯ ಕೆಲಸವನ್ನೂ ವಹಿಸಿದರೆ ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಯಾರೋ ಲೆಕ್ಕ ಹಾಕಿರಬೇಕು. ಯೋಜನೆಯೇನೋ ದೊಡ್ಡ ಮನಸ್ಸಿನಿಂದ ಹುಟ್ಟಿದ್ದು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ಆಗ ಕೇಂದ್ರದ ಶಿಕ್ಷಣ ಸಚಿವರಾಗಿದ್ದ ವಿ. ಕೆ. ಆರ್. ವಿ. ರಾಯರು ಇದನ್ನು 37 ವಿಶ್ವವಿದ್ಯಾಲಯಗಳಲ್ಲಿ ಆರಂಭಿಸಿದರು. ಮೊದಲು ಸೇರಿದ ವಿದ್ಯಾರ್ಥಿಗಳು 40,000. 'ನಾನಲ್ಲ, ನೀನು' ಎಂಬ ಅರ್ಥದ ಮಾತು ಅದರ ಧ್ಯೇಯವಾಕ್ಯ. ಓದಿದವನು ತನ್ನನ್ನು ಸ್ವಲ್ಪ ಮರೆತು ಎದುರಿನವನನ್ನು ನೋಡಲಿ ಎಂಬುದು ಆಶಯ. ವಾಕ್ಯ ಚಿಕ್ಕದು, ಅದನ್ನು ಪಾಲಿಸುವುದು ಎಷ್ಟು ಕಷ್ಟ ಎಂಬುದನ್ನು ಹೇಳುವುದಕ್ಕೇ ಈ ಬರಹ.

ಹಳ್ಳಿಯನ್ನು ನೋಡಲು ಬಸವನಗುಡಿಯಿಂದ ಬಸ್ಸು ಹೊರಡುವುದರಲ್ಲೇ ಒಂದು ವಿನೋದವಿದೆ. ಬಸವನಗುಡಿಯೇ ಒಂದು ಕಾಲಕ್ಕೆ ಹಳ್ಳಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಪೇಟೆಯ ಜನ ಕಂಗೆಟ್ಟಮೇಲೆ ಈ ಬಡಾವಣೆಯೂ ಮಲ್ಲೇಶ್ವರವೂ ಬೆಳೆದವು. ಅದಕ್ಕೆ ಮೊದಲು ಇದು ಸುಂಕೇನಹಳ್ಳಿ. ಸುತ್ತ ಗವಿಪುರ, ಮಾವಳ್ಳಿ, ಗುಟ್ಟಹಳ್ಳಿ. ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ ಬಸವನ ಕತೆಯನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಆ ಹೊಲ ಎಲ್ಲಿತ್ತು ಎಂದು ಕೇಳಿದರೆ ಮಾತ್ರ ಬೆಪ್ಪಾಗುತ್ತಾರೆ. ಇಂದಿಗೂ ಕಾರ್ತಿಕದ ಕೊನೆಯ ಸೋಮವಾರ ಹಳ್ಳಿಗಳು ತಾವಾಗಿಯೇ ಕಡಲೆಕಾಯಿ ಮೂಟೆ ಹೊತ್ತು ನಮ್ಮನ್ನು ನೋಡಲು ಬರುತ್ತವೆ. ನಾವು ಸೇರು ಲೆಕ್ಕದಲ್ಲಿ ಕೊಂಡು, ಚೌಕಾಸಿ ಮಾಡಿ, ಮನೆಗೆ ಬಂದು ಸುಲಿದು ತಿನ್ನುತ್ತೇವೆ. ಮಾರಿದವನ ಊರಾವುದೆಂದು ನಾನಂತೂ ಕೇಳಿದವನಲ್ಲ.

ಹಳ್ಳಿಯಿಂದ ನಗರಕ್ಕೆ ಬರುವವರು ಪ್ರಶ್ನಾವಳಿ ಹಿಡಿದು ಬರುವುದಿಲ್ಲ. ಎಚ್. ನರಸಿಂಹಯ್ಯನವರು 1935ರಲ್ಲಿ ಗೌರಿಬಿದನೂರು ಬಳಿಯ ಹೊಸೂರಿನಿಂದ ನಡೆದುಕೊಂಡೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. ಮುಂದೆ ಅದೇ ಸಂಸ್ಥೆಯ ಕಾಲೇಜಿಗೆ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾದರು, ಗೌರಿಬಿದನೂರಿಗೂ ಬಾಗೇಪಲ್ಲಿಗೂ ಕಾಲೇಜು ಕೊಂಡೊಯ್ದರು. ನಗರವನ್ನು ಅರಿಯಲು ಅವರು ಇಲ್ಲಿ ಬದುಕಬೇಕಾಯಿತು. ಹಳ್ಳಿಯನ್ನು ಅರಿಯಲು ಮಾತ್ರ ನಮಗೆ ಏಳು ದಿನ ಸಾಕು. ಅದೂ ಹಾಜರಿ ಸಹಿತ.

ನಾವು ಹೋಗುವ ಹಳ್ಳಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲಸಿ ಅದರ ಬಾಳನ್ನು ಬರೆದರು. ಆದರೆ ಊರಿಗೆ ರಾಮಪುರ ಎಂದು ಬೇರೆಯ ಹೆಸರಿಟ್ಟರು. ಮನೆಯೊಳಗೆ ಕರೆದವರ ಮಾತನ್ನು ಬೀದಿಯಲ್ಲಿ ಹೆಸರು ಹಿಡಿದು ಆಡಬಾರದೆಂಬ ಆ ಮರ್ಯಾದೆ ನನಗೂ ಹಿಡಿಸಿದೆ. ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ, ಸಾವನದುರ್ಗದ ಬಂಡೆ ಕಾಣಿಸಿಕೊಂಡಮೇಲೆ, ಒಂದು ಕಡೆ ಒಳಕ್ಕೆ ತಿರುಗಬೇಕು ಎಂದರೆ ಸಾಕು. ರಾಗಿ, ಹಿಪ್ಪುನೇರಳೆ, ನಾಲ್ಕಾರು ಮಾವಿನ ತೋಪು, ಎರಡು ಹೊತ್ತೂ ಹಾಲು ಅಳೆಯುವ ಡೇರಿ. ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರು ಬದಲಿಸಿಕೊಂಡಿತು. ಹೀಗಾಗಿ ನಮ್ಮ ಬಸ್ಸಿಗಿಂತ ಮೊದಲೇ ಬೆಂಗಳೂರಿನ ಹೆಸರು ಆ ಊರನ್ನು ಮುಟ್ಟಿದೆ.

ಮೊದಲ ವರ್ಷ ನಾವು ಒಂದು ಪ್ರಶ್ನಾವಳಿಯನ್ನು ಅಚ್ಚು ಹಾಕಿಸಿಕೊಂಡು ಹೋದೆವು. ನಲವತ್ತು ಪ್ರಶ್ನೆಗಳು. ಕುಟುಂಬದ ಸದಸ್ಯರೆಷ್ಟು, ಜಮೀನೆಷ್ಟು, ಶೌಚಾಲಯವಿದೆಯೆ, ಸಾಲವಿದೆಯೆ, ಇದ್ದರೆ ಎಷ್ಟು, ತೀರಿಸದಿರಲು ಕಾರಣವೇನು. ಬಸವನಗುಡಿಯ ಯಾವುದಾದರೂ ಮನೆಯ ಬಾಗಿಲು ತಟ್ಟಿ, ಹದಿನೆಂಟು ವರ್ಷದ ಅಪರಿಚಿತನೊಬ್ಬ ಈ ಪ್ರಶ್ನೆಗಳನ್ನು ಕೇಳಿದರೆ ಮನೆಯ ಯಜಮಾನರು ಏನು ಮಾಡುತ್ತಿದ್ದರು ಎಂಬುದು ನನಗಾಗ ಹೊಳೆಯಲಿಲ್ಲ. ಅಲ್ಲಿಯವರು ಜಗುಲಿಯ ಮೇಲೆ ಚಾಪೆ ಹಾಸಿ, ಕುಡಿಯಲು ಮಜ್ಜಿಗೆ ಕೊಟ್ಟು, ಒಂದೊಂದಕ್ಕೂ ಉತ್ತರ ಹೇಳಿದರು. ಸಾಲದ ಪ್ರಶ್ನೆಗೆ ಒಬ್ಬ ಮುದುಕ, "ಅದ ನಿಮ್ಗೇಳಿದ್ರೆ ತೀರ್ತದಾ ಮಗಾ?" ಎಂದು ಕೇಳಿದ. ನಮ್ಮ ಹುಡುಗ ಪಾಪ, 'ಅನ್ವಯಿಸುವುದಿಲ್ಲ' ಎಂದು ಬರೆದುಕೊಂಡ.

ಆ ಊರಿನ ಒಂದು ಮನೆಯ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ತಾಯಿ, ಎಂಬತ್ತರ ಮುದುಕಿ. ಮಗಳು, ಗಂಡನನ್ನು ಕಳೆದುಕೊಂಡು ತೌರಿನಲ್ಲೇ ನಿಂತವಳು. ಮಗಳ ಮಗ, ಹೈಸ್ಕೂಲು ಹುಡುಗ. ಬೆಳಗ್ಗೆ ಐದಕ್ಕೆದ್ದು ಎರಡು ಹಸು ಕರೆದು ಡೇರಿಗೆ ಹಾಲು ಹಾಕಿ ಬರುವವಳು ಮಗಳು. ತೋಟದಲ್ಲಿ ಸೊಪ್ಪು ಕೊಯ್ದು ತಂದು ರೇಷ್ಮೆಹುಳುವಿಗೆ ಹಾಕುವವಳೂ ಅವಳೇ. ಹುಳು ಸಾಕುವುದೆಂದರೆ ಎಳೆಗೂಸು ಸಾಕಿದಂತೆ. ನಾಲ್ಕು ಬಾರಿ ಅದು ಮೇವು ಬಿಟ್ಟು ತಲೆಯೆತ್ತಿ ಅಲುಗದೆ ನಿಂತು ಪೊರೆ ಬಿಡುತ್ತದೆ. ಅದನ್ನು 'ಜ್ವರ' ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದಮೇಲೆ ಬಕಾಸುರನ ಹಸಿವು. ತನ್ನ ಇಡೀ ಬಾಳಿನಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಏಳೆಂಟು ದಿನಗಳಲ್ಲೇ ತಿನ್ನುತ್ತದೆ. ಸಾಕುವವರಿಗೆ ರಾತ್ರಿಯಲ್ಲೂ ನಿದ್ರೆಯಿಲ್ಲ. ಆಮೇಲೆ ಹುಳು 'ಹಣ್ಣಾಗುತ್ತದೆ'. ಆರಿಸಿ ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ಗೂಡು ರಾಮನಗರದ ಮಾರುಕಟ್ಟೆಗೆ. "ಹುಳುವಿಗೆ ಎರಡನೇ ಜ್ವರ" ಎಂದು ಆಕೆ ಹೇಳಿದಾಗ ನಮ್ಮ ಹುಡುಗಿಯೊಬ್ಬಳು ಗಾಬರಿಯಿಂದ, "ಡಾಕ್ಟರಿಗೆ ತೋರಿಸಿದಿರಾ?" ಎಂದಳು. ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು; ಹುಡುಗಿಯೂ ನಕ್ಕಳು. ಜ್ವರ, ಹಣ್ಣು, ಚಂದ್ರಿಕೆ—ಎಂಥ ಮಾತುಗಳು! ಭಾಷೆಯ ಪಾಠ ಹೇಳುವ ನನಗೆ ಆ ದಿನ ಹಬ್ಬವಾಯಿತು. ಆದರೆ ಸಂಜೆ ಪ್ರಶ್ನಾವಳಿ ತಿರುವಿದಾಗ ಅವಳ ಹೆಸರಿನ ಮುಂದೆ, ಉದ್ಯೋಗವೆಂಬಲ್ಲಿ, 'ಗೃಹಿಣಿ' ಎಂದು ಬರೆದಿತ್ತು. ನಾನೂ ಅದಕ್ಕೆ ರುಜು ಹಾಕಿದೆ.

ಮುದುಕಿ ಹಾಡು ಬಲ್ಲವಳು ಎಂದು ಗೊತ್ತಾದದ್ದು ಐದನೆಯ ದಿನ. ರಾತ್ರಿ ಊಟವಾದಮೇಲೆ ಹತ್ತು ಹನ್ನೆರಡು ಮಂದಿ ಅವಳ ಮನೆಯ ಮುಂದೆ ಸೇರಿದೆವು. ಮೊದಲು ಅವಳು ಒಪ್ಪಲಿಲ್ಲ. "ಬೀಸೋಕಲ್ಲೇ ಇಲ್ಲ, ಪದ ಯಾಕವ್ವಾ" ಎಂದಳು. ನಿಜ. ಮನೆಯ ಬೀಸುವ ಕಲ್ಲು ಹಿತ್ತಿಲ ಬಾಗಿಲಿಗೆ ಮೆಟ್ಟಿಲಾಗಿ ಎಷ್ಟೋ ವರ್ಷವಾಗಿತ್ತು. ರಾಗಿ ಗಿರಣಿಗೆ ಹೋಗುತ್ತಿತ್ತು. ಕೊನೆಗೆ ಹುಡುಗಿಯರ ಒತ್ತಾಯಕ್ಕೆ ಗೋಡೆಗೊರಗಿ ಕುಳಿತು ಶುರುಮಾಡಿದಳು. ಹಾಡುತ್ತಾ ಹಾಡುತ್ತಾ ಅವಳ ಬಲಗೈ ತನ್ನಷ್ಟಕ್ಕೆ ತಾನು ಸುತ್ತತೊಡಗಿತು. ಎದುರಿಗೆ ಕಲ್ಲಿಲ್ಲ, ಗೂಟವಿಲ್ಲ; ಕೈ ಮಾತ್ರ ಬೀಸುತ್ತಿತ್ತು. ಕೆಲವರು ಮೊಬೈಲಿನಲ್ಲಿ ಹಿಡಿದುಕೊಂಡರು, ಕೆಲವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹನ್ನೊಂದು ಪದಗಳು. ಕೆಲವನ್ನು ನಾನು ಯಾವ ಸಂಕಲನದಲ್ಲಿಯೂ ಕಂಡಿರಲಿಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ, ಸಂತೋಷಕ್ಕೆ. ವಿಜಯಪುರದ ಕಡೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮೊದಲಾದ ಗೆಳೆಯರು ಕೂಡಿ 1931ರಲ್ಲಿ 'ಗರತಿಯ ಹಾಡು' ತಂದ ಕತೆಯನ್ನು ಮಕ್ಕಳಿಗೆ ಬಸ್ಸಿನಲ್ಲಿ ಹೇಳಿದೆ. ನಾವೂ ಆ ಸಾಲಿನವರೇ ಎಂಬ ಧಾಟಿಯಲ್ಲಿ ಹೇಳಿದೆನೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಹಲಸಂಗಿಯ ಗೆಳೆಯರು ಆ ನೆಲದವರು. ಬರೆದುಕೊಂಡು ಬಸ್ಸು ಹತ್ತಿದವರಲ್ಲ.

ಊರಿನಿಂದ ಬಂದಮೇಲೆ ವರದಿ ಆಯಿತು. ಸುತ್ತುಹಗ್ಗ ಹಾಕಿ ಹೊಲಿಸಿ ಒಪ್ಪಿಸಿದೆವು. 'ಈ ಊರಿನ ಮುಗ್ಧ ಜನ ಒಂದೇ ಕುಟುಂಬದವರಂತೆ ಬಾಳುತ್ತಿದ್ದಾರೆ' ಎಂಬುದು ಅದರ ಕೊನೆಯ ವಾಕ್ಯ. ಎಲ್ಲರಿಗೂ ಅಂಕ ಬಂದವು.

ಮರುವರ್ಷ ಮತ್ತೆ ಅದೇ ಊರಿಗೆ ಹೋದೆವು. ಮಕ್ಕಳು ಹೊಸಬರು, ಪ್ರಶ್ನಾವಳಿ ಹಳೆಯದು. ಆ ಮನೆಯ ಜಗುಲಿ ಹತ್ತಿದಾಗ ಮುದುಕಿ ಇರಲಿಲ್ಲ, ಶ್ರಾವಣದಲ್ಲಿ ತೀರಿಕೊಂಡಳಂತೆ. ಮಗಳು ಮಜ್ಜಿಗೆ ತಂದು ಕೊಟ್ಟು, ನಾವು ಕುಡಿಯುವವರೆಗೂ ಕಾದು, ಲೋಟ ಹಿಂದಕ್ಕೆ ತೆಗೆದುಕೊಳ್ಳುತ್ತಾ ಕೇಳಿದಳು: "ಮೇಷ್ಟ್ರೇ, ಅವ್ವನ್ ಪದ ಬರ್ಕಂಡೋಗಿದ್ರಲ್ಲ, ಅದ್ನ ನಮ್ಗೊಂದು ಕೊಡ್ತೀರಾ? ಅವ್ಳ ದನಿ ಹಿಡ್ಕಂಡಿದ್ರಲ್ಲ, ಅದೂನೂವೆ."

"ಖಂಡಿತ ಕೊಡೋಣಮ್ಮ, ಅದೇನು ಮಹಾ" ಎಂದೆ.

ಆ ವರ್ಷದ ಮಕ್ಕಳಲ್ಲಿ ಒಬ್ಬಳು ಶಿಡ್ಲಘಟ್ಟದ ಕಡೆಯ ಹುಡುಗಿ. ತರಗತಿಯಲ್ಲಿ ಬಾಯಿ ಬಿಡದವಳು. ಅವಳು ರೈತರ ಮನೆಯವಳೆಂದು ಸಂಗಡಿಗರಿಗೂ ತಿಳಿದಿರಲಿಲ್ಲ. ಹುಳುಮನೆಗೆ ಹೋಗುವಾಗ ಮಿಕ್ಕವರು ಚಪ್ಪಲಿಯಲ್ಲೇ ನುಗ್ಗಿದರೆ, ಅವಳೊಬ್ಬಳು ಹೊರಗೆ ನಿಂತು ಕೈಕಾಲು ತೊಳೆದಳು. ಮನೆಯಾಕೆ ಅದನ್ನು ಕಂಡು, "ಯಾವೂರು ಮಗಾ ನಿಂದು?" ಎಂದಳು. ಹುಡುಗಿ ಒಮ್ಮೆ ಗೆಳತಿಯರ ಮುಖ ನೋಡಿ, ಆಮೇಲೆ ಊರಿನ ಹೆಸರು ಹೇಳಿದಳು. ಅಂದು ಸಂಜೆ ಅವಳು ನನ್ನ ಬಳಿ ಬಂದು ಎರಡು ಮಾತು ಹೇಳಿದಳು. ಮೊದಲನೆಯದು: "ಸಾರ್, ನಾನು ಚಿಕ್ಕವಳಿದ್ದಾಗ ನಮ್ಮೂರಿಗೂ ಯಾವುದೋ ಕಾಲೇಜಿನವರು ಹೀಗೇ ಬಂದು ಬರೆದುಕೊಂಡು ಹೋಗಿದ್ದರು. ನಮ್ಮಜ್ಜಿ ಅದು ಪಿಂಚಣಿಗೆ ಅಂತ ತಿಳಿದು ಒಂದು ವರ್ಷ ಪೋಸ್ಟ್‌ಮ್ಯಾನ್ ದಾರಿ ಕಾದಳು." ಎರಡನೆಯದು: "ಕೆರೆ ಆಚೆಯ ಬೀದಿಗೆ ನಾವು ಹೋಗಲೇ ಇಲ್ಲವಲ್ಲ ಸಾರ್?"

ಹೋಗಿರಲಿಲ್ಲ. ಹಿಂದಿನ ವರ್ಷವೂ ಹೋಗಿರಲಿಲ್ಲ. ಊರು ತೋರಿಸುತ್ತಿದ್ದ ಹಿರಿಯರು ಶಾಲೆ, ದೇವಸ್ಥಾನ, ಡೇರಿ, ತಮ್ಮ ತೋಟ ಎಲ್ಲವನ್ನೂ ತೋರಿಸಿ, ಕೆರೆಯ ಏರಿಯ ಬಳಿ ಬಂದಾಗ, "ಆ ಕಡೆ ಏನಿಲ್ಲ ಸಾ" ಎಂದು ತಿರುಗಿಸಿಕೊಂಡು ಬಂದಿದ್ದರು. ಏನಿಲ್ಲ ಎಂಬ ಆ ಕಡೆಯಲ್ಲಿ ಮೂವತ್ತು ಮನೆಗಳಿದ್ದವು. ಅಲ್ಲಿ ಯಾರಿದ್ದಾರೆಂದು, ಆ ಹಿರಿಯರು ಏಕೆ ತಿರುಗಿಸಿದರೆಂದು ಕೇಳುವ ಅಗತ್ಯವೇ ನನಗೆ ಇರಲಿಲ್ಲ, ಕೇಳದೆಯೇ ಗೊತ್ತಿತ್ತು. ಗೊತ್ತಿದ್ದೂ 'ಒಂದೇ ಕುಟುಂಬದವರಂತೆ' ಎಂಬ ವಾಕ್ಯದ ಕೆಳಗೆ ರುಜು ಹಾಕಿದ್ದೆ. ಪ್ರಶ್ನಾವಳಿಯಲ್ಲಿ ಇಲ್ಲದ ನಲವತ್ತೊಂದನೆಯ ಪ್ರಶ್ನೆಯನ್ನು ಆ ಹುಡುಗಿ ನನಗೇ ಕೇಳಿದಳು.

ಕಾಲೇಜಿಗೆ ಬಂದವನು ಮುದುಕಿಯ ಪದಗಳನ್ನು ಹುಡುಕಿದೆ. ವಿಭಾಗದ ಬೀರುವಿನಲ್ಲಿ ಹಿಂದಿನ ವರ್ಷದ ಕಟ್ಟು ಇರಬೇಕಾದ ಕಡೆ ಹೊಸ ಕಂಪ್ಯೂಟರಿನ ಖಾಲಿ ಡಬ್ಬವಿತ್ತು. ವಿಚಾರಿಸಿದೆ. ಬೇಸಗೆ ರಜೆಯಲ್ಲಿ ಬೀರು ಖಾಲಿ ಮಾಡಿದರಂತೆ. ಹಳೆಯ ಉತ್ತರಪತ್ರಿಕೆಗಳ ಜೊತೆ ಹೊರಗಿಟ್ಟ ಕಟ್ಟುಗಳೆಲ್ಲ ರದ್ದಿಯವನ ಗಾಡಿಗೆ ಹೋದವಂತೆ. ಯಾರನ್ನು ಬಯ್ಯಲಿ? ರಜೆಗೆ ಮೊದಲು, 'ಹಳೆಯ ಕಾಗದಗಳನ್ನು ವಿಲೇವಾರಿ ಮಾಡಬಹುದು' ಎಂದು ಬರೆದಿದ್ದ ಚೀಟಿಯಲ್ಲಿ ಇದ್ದದ್ದು ನನ್ನ ರುಜು. ಅಂಕಗಳ ಪಟ್ಟಿ ಮಾತ್ರ ಬೇರೆಯ ಕಡತದಲ್ಲಿ ಭದ್ರವಾಗಿತ್ತು.

ಮಕ್ಕಳಿಗೆ ಒಬ್ಬೊಬ್ಬರಿಗೇ ಫೋನು ಮಾಡಿದೆ. ಒಬ್ಬನ ಮೊಬೈಲು ಕೆಟ್ಟಿತ್ತು. ಇನ್ನೊಬ್ಬಳು ಹೊಸದು ಕೊಂಡಿದ್ದಳು. ಮತ್ತೊಬ್ಬ, ಜಾಗ ಸಾಲದೆ ಹಳೆಯದನ್ನೆಲ್ಲ ಅಳಿಸಿದ್ದ. ಒಬ್ಬ ಹುಡುಗನ ಬಳಿ ಮಾತ್ರ ಒಂದು ತುಣುಕು ಸಿಕ್ಕಿತು. ಹತ್ತೊಂಬತ್ತು ಸೆಕೆಂಡು. ಅದರಲ್ಲಿ ಮುದುಕಿಯ ದನಿಗಿಂತ ನಮ್ಮವರ ಚಪ್ಪಾಳೆಯೇ ಹೆಚ್ಚು.

ಆಗ ನನಗೆ ಶ್ರೀನಿವಾಸರ ನೆನಪಾಯಿತು. ರಾಮಪುರದಲ್ಲಿ ಮಾಡಿಕೊಂಡ ಟಿಪ್ಪಣಿಗಳನ್ನು ಅವರು ಹದಿನೆಂಟು ವರ್ಷ ತಿದ್ದಿ ತೀಡಿ ಸಜ್ಜುಗೊಳಿಸಿ, ಮೂರು ಪ್ರತಿ ಮಾಡಿ, ಬರೆಯಲು ಕುಳಿತಿದ್ದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ. 1970ರ ಏಪ್ರಿಲ್ 24ರಂದು ಯಾರೋ ಆ ಕಟ್ಟಡಕ್ಕೆ ಬೆಂಕಿಯಿಟ್ಟರು. ಮೂರು ಪ್ರತಿಗಳೂ ಸುಟ್ಟವು. ಅವರು ಎದೆಗುಂದಿದರು, ಆದರೆ ಬಿಡಲಿಲ್ಲ. ನೆನಪಿನಿಂದಲೇ ಬರೆದರು. 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಹೊರಬಂತು. ನೆನಪಿನಲ್ಲಿ ಉಳಿದ ಹಳ್ಳಿ. ಗೌಡರ ಸಿಟ್ಟು, ಜೀತದಾಳಿನ ನಡಿಗೆ, ಕಣದ ಮಾತುಕತೆ—ಎಲ್ಲವೂ ಅವರ ಮನಸ್ಸಿನಲ್ಲಿದ್ದವು, ಏಕೆಂದರೆ ಅವರು ಅಲ್ಲಿ ಬರಿಯ ಬರೆದುಕೊಂಡಿರಲಿಲ್ಲ, ಇದ್ದರು. ನನ್ನ ಕಾಗದಕ್ಕೆ ಬೆಂಕಿ ಬೀಳಲಿಲ್ಲ. ಅಂಥ ದೊಡ್ಡ ವಿಪತ್ತೇನೂ ಆಗಲಿಲ್ಲ. ಕಿಲೋ ಲೆಕ್ಕದಲ್ಲಿ ತೂಕವಾಯಿತು, ಅಷ್ಟೆ. ಕುಳಿತು ನೆನೆದುಕೊಳ್ಳಲು ಯತ್ನಿಸಿದೆ. ಹನ್ನೊಂದು ಪದಗಳಲ್ಲಿ ಒಂದರ ಸೊಲ್ಲೂ ನನಗೆ ಪೂರ್ತಿ ಬರಲಿಲ್ಲ. ಕೈ ಸುತ್ತುತ್ತಿದ್ದುದು ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು. ಬರೆದುಕೊಳ್ಳುತ್ತಿದ್ದಾರಲ್ಲ ಎಂದು ನಾನು ಕೇಳಿಸಿಕೊಂಡಿರಲಿಲ್ಲ.

ಒಂದು ಭಾನುವಾರ ಮಾಗಡಿಯ ಬಸ್ಸು ಹಿಡಿದು ಒಬ್ಬನೇ ಹೋದೆ. ಬರಿಗೈಯಲ್ಲಿ ಹೋಗಲು ಮನಸ್ಸು ಬಾರದೆ ಗಾಂಧಿಬಜಾರಿನಲ್ಲಿ ಒಂದು ಚಿಪ್ಪು ಬಾಳೆಹಣ್ಣು ಕೊಂಡೆ. ಮಾಡಿದ ತಪ್ಪಿಗೆ ಬಾಳೆಹಣ್ಣಿನ ಪ್ರಾಯಶ್ಚಿತ್ತ! ಮಗಳು ಹುಳುಮನೆಯ ಮುಂದೆ ಸೊಪ್ಪು ಕತ್ತರಿಸುತ್ತಿದ್ದಳು. ನಡೆದುದನ್ನು ಮುಚ್ಚಿಡದೆ ಹೇಳಿದೆ. ಹತ್ತೊಂಬತ್ತು ಸೆಕೆಂಡನ್ನು ಕೇಳಿಸಿದೆ. ಎರಡು ಬಾರಿ ಕೇಳಿದಳು. ಅವಳು ಅಳುತ್ತಾಳೆಂದು, ಅಥವಾ ಬಯ್ಯುತ್ತಾಳೆಂದು ಸಿದ್ಧನಾಗಿದ್ದೆ; ಎರಡೂ ಆಗಲಿಲ್ಲ. ಸೊಪ್ಪು ಕತ್ತರಿಸುವುದನ್ನು ನಿಲ್ಲಿಸದೆಯೇ ಹೇಳಿದಳು:

"ಸಾಯೋಕ್ ಮುಂಚೆ ಅವ್ವ ಒಂದಿನ ಕರೆದ್ಲು ಮೇಷ್ಟ್ರೇ. ಬಾರೇ, ಪದ ಹೇಳ್ಕೊಡ್ತೀನಿ, ಕಲ್ತ್ಕೋ ಅಂದ್ಲು. ನಂಗೆ ಹುಳ ಹಣ್ಣಾಗಿದ್ ಹೊತ್ತು. ಅವ್ರು ಬರ್ಕಂಡೋಗವ್ರಲ್ಲ, ಬಿಡವ್ವಾ ಅಂದ್ಬಿಟ್ಟೆ."

ಬಯ್ದಿದ್ದರೆ ಚೆನ್ನಾಗಿತ್ತು. ನಾವು ಹೋಗಿ ಹಾಡನ್ನು ಕಳೆದೆವು ಎಂದಷ್ಟೇ ನಾನು ತಿಳಿದಿದ್ದೆ. ನಾವು ಹೋಗದೆಯೇ ಇದ್ದಿದ್ದರೆ ಅದು ಮಗಳ ಬಾಯಿಗಾದರೂ ಬರುತ್ತಿತ್ತು! ಬರೆದುಕೊಳ್ಳುವವನು ಬಂದನೆಂದು ನೆನಪಿಡುವವರು ನಿಶ್ಚಿಂತರಾದರು. ಬರೆದುಕೊಂಡವನು ಅಂಕ ಹಾಕಿ ನಿಶ್ಚಿಂತನಾದ. ನಡುವೆ ಒಂದು ತಲೆಮಾರಿನ ಮಾತು ಜಾರಿ ಬಿತ್ತು.

ಎದ್ದು ಹೊರಡಲು ಹೋದೆ. "ಉಂಡ್ಕಂಡ್ ಹೋಗಿ" ಎಂದಳು. ಬೇಡವೆನ್ನಲು ಬಾಯಿ ಬರಲಿಲ್ಲ. ಮುದ್ದೆ, ಅವರೆಕಾಳಿನ ಸಾರು. ಅಷ್ಟು ಭಾರವಾದ ಊಟವನ್ನು ನಾನು ಉಂಡಿಲ್ಲ.

ಮೂರನೆಯ ವರ್ಷ ಹೋಗಲೇಬಾರದೆಂದು ಮೊದಲು ಅನ್ನಿಸಿತು. ಸ್ನೇಹಿತರೊಬ್ಬರು, "ಹಾಗಾದರೆ ಈ ಮಕ್ಕಳು ಹಳ್ಳಿಯನ್ನು ನೋಡುವುದೇ ಬೇಡವೆ?" ಎಂದರು. ನೋಡಬೇಕು. ಕತ್ತಲು ಕಾಣದ ಹುಡುಗ ಕತ್ತಲನ್ನು ಕಾಣಬೇಕು. ಹಾಲು ಪ್ಯಾಕೆಟ್ಟಿಗೆ ಬರುವ ಮೊದಲು ಒಬ್ಬಳು ಐದಕ್ಕೆ ಏಳುತ್ತಾಳೆಂದು ತಿಳಿಯಬೇಕು. ಹೋಗುವುದು ತಪ್ಪಲ್ಲ, ಹೋಗುವ ರೀತಿ ತಪ್ಪು ಎಂದು ನನಗೆ ನಾನೇ ಹೇಳಿಕೊಂಡು, ಶಿಡ್ಲಘಟ್ಟದ ಹುಡುಗಿಯನ್ನು ಕೂರಿಸಿಕೊಂಡು ನಾಲ್ಕು ನಿಯಮ ಮಾಡಿದೆವು. ಮೊದಲ ಮೂರು ದಿನ ಯಾರೂ ಕಾಗದ ತೆಗೆಯಕೂಡದು. ಮನೆಯವರ ಜೊತೆ ಕೆಲಸಕ್ಕೆ ನಿಲ್ಲಬೇಕು. ಮೊದಲು ಹೋಗುವುದು ಕೆರೆ ಆಚೆಯ ಬೀದಿಗೆ. ನಾವು ಒಂದು ಪ್ರಶ್ನೆ ಕೇಳಬೇಕಾದರೆ ಅವರ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಬರೆದುದನ್ನು ಕೊನೆಯ ದಿನ ಊರವರ ಮುಂದೆ ಓದಬೇಕು. ಒಂದು ಪ್ರತಿ ಅಲ್ಲೇ ಉಳಿಯಬೇಕು.

ಅವರ ಪ್ರಶ್ನೆಗಳು ಬಹಳ ಚೆನ್ನಾಗಿದ್ದವು. "ನಿಮ್ ಮನೆ ಬಾಡಿಗೆ ಎಷ್ಟು?" "ನಿಮ್ಮಪ್ಪಂಗೆ ಸಾಲ ಅದಾ?" "ಜಾತಿ ಕೇಳ್ದೆ ಮನೆ ಕೊಡ್ತಾರಾ ನಿಮ್ ಬೀದೀಲಿ?" ಈ ಕೊನೆಯದು ಕೆರೆ ಆಚೆಯ ಬೀದಿಯ ಒಬ್ಬ ಹುಡುಗನದು. ಚಾಮರಾಜಪೇಟೆಯಲ್ಲಿ ಬೆಳೆದ ನಮ್ಮ ಹುಡುಗನೊಬ್ಬ ಹೌದೆನ್ನಲು ಬಾಯಿ ತೆರೆದು, ಮುಚ್ಚಿ, ಕೊನೆಗೆ "ಕೆಲವರು ಕೊಡ್ತಾರೆ" ಎಂದ. ಸಮಾಜಶಾಸ್ತ್ರದ ಪಾಠ ಅದಕ್ಕಿಂತ ಚೆನ್ನಾಗಿ ಆಗುವುದನ್ನು ನಾನು ಕಂಡಿಲ್ಲ.

ಕೊನೆಯ ದಿನ ಸಂಜೆ, ಹಾಲು ಅಳೆದು ಮುಗಿದಮೇಲೆ, ಡೇರಿಯ ಮುಂದೆ ಓದಿದೆವು. ಜನ ಸುಮ್ಮನೆ ಕೇಳಿ ಎದ್ದುಹೋಗುತ್ತಾರೆಂದು ನಾನು ತಿಳಿದಿದ್ದೆ. ಎರಡನೆಯ ಪುಟಕ್ಕೇ ತಿದ್ದುಪಡಿ ಶುರುವಾಯಿತು. 'ಜಮೀನು ಎರಡು ಎಕರೆ' ಎಂದು ಓದಿದಾಗ ಒಬ್ಬರು ಎದ್ದು, "ಪಾಣೀಲಿ ಎರಡೆಕ್ರೆ ಸಾ, ಮೂರು ಜನ ಅಣ್ಣತಮ್ಮಂದಿರು, ನನ್ ಪಾಲಿಗೆ ಇಪ್ಪತ್ತಾರು ಗುಂಟೆ" ಎಂದರು. ಹಿಂದಿನ ವರದಿಯ 'ಮುಗ್ಧ ಜನ' ಯಾರದೋ ಲೇಖನಿಯಿಂದ ಮತ್ತೆ ನುಸುಳಿತ್ತು. ಬೆಂಗಳೂರಿನಲ್ಲಿ ಬಾಡಿಗೆ ಕಾರು ಓಡಿಸುವ ಯುವಕನೊಬ್ಬ, "ಮುಗ್ಧ ಅಂದ್ರೇನು ಸಾರ್? ನಾನು ದಿನಾ ಏರ್‌ಪೋರ್ಟಿಗೆ ಹೋಗಿಬರ್ತೀನಿ" ಎಂದ. ಊರೇ ನಕ್ಕಿತು, ಪದವನ್ನು ಹೊಡೆದುಹಾಕಿದೆವು. 'ಗೃಹಿಣಿ' ಬಂದಾಗ ಯಾರೂ ಏನೂ ಹೇಳಲಿಲ್ಲ. ಆ ಮನೆಯ ಹೈಸ್ಕೂಲು ಹುಡುಗನೇ ಎದ್ದುಬಂದು, ನಮ್ಮ ಕೈಯಿಂದ ಪೆನ್ನು ತೆಗೆದುಕೊಂಡು, ಅದನ್ನು ಹೊಡೆದು ಮೇಲೆ 'ರೈತ' ಎಂದು ಬರೆದ. ಇಪ್ಪತ್ತು ವರ್ಷ ಬೇರೆಯವರ ಉತ್ತರಪತ್ರಿಕೆಗಳನ್ನು ತಿದ್ದಿದವನು ನಾನು. ನನ್ನ ಕಾಗದವನ್ನು ಇನ್ನೊಬ್ಬರು ತಿದ್ದುವುದನ್ನು ಮೊದಲ ಬಾರಿ ನಿಂತು ನೋಡಿದೆ.

ಕೆರೆ ಆಚೆಯವರು ಬಂದಿದ್ದರು. ಆದರೆ ಡೇರಿಯ ಮೆಟ್ಟಿಲ ಮೇಲಲ್ಲ, ಸ್ವಲ್ಪ ದೂರದಲ್ಲಿ, ಹುಣಿಸೆಮರದ ಕೆಳಗೆ ನಿಂತಿದ್ದರು. ಎಷ್ಟು ಕರೆದರೂ ಅಲ್ಲಿಂದಲೇ ಕೇಳುತ್ತೇವೆಂದರು. ಅದನ್ನೂ ಬರೆದೆವು, ಬರೆದುದನ್ನು ಗಟ್ಟಿಯಾಗಿ ಓದಿದೆವು. ಆಗ ಯಾರೂ ನಗಲಿಲ್ಲ, ಯಾರೂ ತಿದ್ದಲಿಲ್ಲ.

ಮುದುಕಿಯ ಪದಗಳು ಹೋದವು ಹೋದವೇ. ಮಗಳು ನೆನೆದು ನೆನೆದು ಒಂದರ ಅರ್ಧವನ್ನು ಹೇಳಿದಳು. ಹುಡುಗಿಯರು ಬರೆದುಕೊಂಡು ಅವಳಿಗೇ ಓದಿ ತೋರಿಸಿದರು. ಊರಿನಲ್ಲಿ ಉಳಿಸಿದ ಪ್ರತಿಯಲ್ಲಿ ಅದಕ್ಕೆ ಒಂದು ಪುಟ. ಕಟ್ಟು ಹೊಲಿಯುವಾಗ ಆಕೆ ಬಂದು, "ಅದರ ಮುಂದೆ ಎರಡಾಳೆ ಜಾಗ ಬಿಡ್ರವ್ವಾ, ನೆಪ್ಪಿಗೆ ಬಂದ್ರೆ ಮಗನ ಕೈಲಿ ಬರೆಸ್ತೀನಿ" ಎಂದಳು.

ಎರಡು ಹಾಳೆ ಬಿಟ್ಟು ಹೊಲಿದಿದ್ದೇವೆ.